ಬಾಗಿಲು ತೆರೆದಿದ್ದ ಒಂದೇ ಅಂಗಡಿ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯೊಳಗೆ ಜೀಪು ಬರುತ್ತಿರಲಿಲ್ಲ, ಬರುವಷ್ಟು ಜಾಗವೇ ಇರಲಿಲ್ಲ. ಅದು ಓಣಿಯ ಬಾಯಿಯಲ್ಲಿ ನಿಲ್ಲುತ್ತಿತ್ತು, ಒಳಗೆ ಸದ್ದಷ್ಟೇ ಬರುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಅಪ್ಪ ಓದುತ್ತಿದ್ದ ಪೇಪರನ್ನು ತೊಡೆಯ ಮೇಲಿಟ್ಟು ನನ್ನ ಕಡೆ ನೋಡುತ್ತಿದ್ದ. ನಾನು ಅಪ್ಪನ ಕಡೆ ನೋಡುತ್ತಿದ್ದೆ. ಜೀಪು ಯಾವುದೋ ಕೆಲಸಕ್ಕೆ ಬಂದು ಯಾವುದೋ ಕಡೆ ಹೋಗುವವರೆಗೆ ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಅಪ್ಪ, "ಚಾ ತರಸಲೇನವಾ?" ಎನ್ನುತ್ತಿದ್ದ.

ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಮುಂಜಿವಿ, ಮಠದ ಜಾತ್ರೆಯ ಹ್ಯಾಂಡ್‌ಬಿಲ್, ತೀರಿಕೊಂಡವರ ಪುಣ್ಯಸ್ಮರಣೆ, ಕಾಲೇಜು ಹುಡುಗಿಯರ ಪ್ರಾಜೆಕ್ಟ್ ರಿಪೋರ್ಟು, ಹೀಗೆ ಹುಟ್ಟಿನಿಂದ ಸಾವಿನವರೆಗೆ ಏನು ಬಂದರೂ ಟೈಪು ಮಾಡಿಕೊಡುತ್ತಿದ್ದೆ. ಅದೇ ಜಾಗದಲ್ಲಿ ಮೊದಲು ಅಪ್ಪನ ಕಿರಾಣಿ ಅಂಗಡಿ ಇತ್ತು. ಬೆಲ್ಲ, ಬೇಳೆ, ಒಣಮೆಣಸಿನಕಾಯಿ. ಅದನ್ನು ಅಪ್ಪ ಮುಚ್ಚಿದ್ದು ತೊಂಬತ್ತರ ದಶಕದ ಮೊದಲಿಗೆ, ನಾನು ಸಾಲಿಗೆ ಹೋಗುತ್ತಿದ್ದಾಗ. ತೂಕ ನೋಡುವ ಸಾಹೇಬರು ಒಂದು ದಿನ ಜೀಪಿನಲ್ಲಿ ಬಂದರು. ತಕ್ಕಡಿಗೆ ಆ ವರ್ಷದ ಮುದ್ರೆ ಹಾಕಿಸಿರಲಿಲ್ಲ. ಅಪ್ಪ ಮರೆತಿದ್ದ, ಅಷ್ಟೇ. ತೂಕದಲ್ಲಿ ಗುಂಜಿಯಷ್ಟೂ ಮೋಸವಿರಲಿಲ್ಲ. ಆದರೆ ಅವರು ತಕ್ಕಡಿಯನ್ನು ಹೊತ್ತು ಓಣಿಯ ಉದ್ದಕ್ಕೂ ನಡೆದುಹೋದರು, ಹಿಂದೆ ಅಪ್ಪ, ಅಪ್ಪನ ಹಿಂದೆ ಅರ್ಧ ಓಣಿ. ನಾನು ಸಾಲಿಯಿಂದ ಬರುತ್ತಿದ್ದವಳು ಎದುರಿಗೆ ಸಿಕ್ಕೆ. ದಂಡ ಕಟ್ಟಿ ಸಂಜೆಗೇ ಅಪ್ಪ ಮನೆಗೆ ಬಂದ. ಆದರೆ ಕೆಲವು ದಿನಗಳ ನಂತರ ಅಂಗಡಿ ಮುಚ್ಚಿ, ಎಪಿಎಂಸಿಯಲ್ಲಿ ಇನ್ನೊಬ್ಬರ ದಲಾಲಿ ಅಂಗಡಿಗೆ ಗುಮಾಸ್ತನಾಗಿ ಹೋದ. ಹೆದರಿಬಿಟ್ಟ ಎಂದು ಓಣಿಯ ಮಂದಿ ಅಂದರು. ಮನೆಯಲ್ಲಿ ಅವ್ವ ಅದನ್ನೇ ಅಂದಳು. ನಾನೂ ಅದನ್ನೇ ನಂಬಿದೆ, ಮತ್ತು ನಂಬಿದ್ದರಿಂದ ನನ್ನ ಬಾಳಿನ ಅರ್ಧ ನಿರ್ಧಾರಗಳನ್ನು ಅದರ ಮೇಲೆಯೇ ಮಾಡಿದೆ.

ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕಲಿತು, ಬೀಗ ಹಾಕಿದ್ದ ಆ ಅಂಗಡಿಯನ್ನು ನಾನು ತೆಗೆದಾಗ ಅಪ್ಪ ಎಪಿಎಂಸಿ ಬಿಟ್ಟು ಬಂದು ಮುಂದಿನ ಕುರ್ಚಿಯಲ್ಲಿ ಕೂತ. ಕಾರ್ಡಿನ ಪ್ರೂಫು ಓದುವುದು, ಬಂದವರಿಗೆ ಬರ್ರಿ ಕೂಡ್ರಿ ಅನ್ನುವುದು ಅಪ್ಪನ ಕೆಲಸ. ಸಂಬಂಧಿಕರ ಹೆಸರು ತಪ್ಪಾಗಿದ್ದರೆ ಗಿರಾಕಿಗಳಿಗಿಂತ ಮೊದಲು ಅಪ್ಪನಿಗೇ ಗೊತ್ತಾಗುತ್ತಿತ್ತು. ಖುಷಿಯಾಗಿದ್ದ. ಆ ಖುಷಿ ಇನ್ನೊಮ್ಮೆ ಮುರಿಯಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ: ಅಪ್ಪನ ಕಣ್ಣೆದುರಿಗೆ ಇನ್ನೊಂದು ಸಲ ಸಾಹೇಬರು ನಮ್ಮ ಅಂಗಡಿಯಿಂದ ಏನನ್ನೂ ಹೊತ್ತೊಯ್ಯಬಾರದು.

ಆದರೆ ಹೊತ್ತೊಯ್ಯುವಂಥದ್ದು ನನ್ನ ಮೇಜಿನ ಮೇಲೇ ಇತ್ತಲ್ಲ. ನನ್ನ ಮೊದಲ ಕಂಪ್ಯೂಟರಿನ ವಿಂಡೋಸು ಕಳವಿನದು. ನನ್ನದಷ್ಟೇ ಅಲ್ಲ, ಓಣಿಯ ಎಲ್ಲರದೂ ಹಾಗೇ ಇತ್ತು. ಮಷಿನ್ ಜೋಡಿಸಿಕೊಟ್ಟವನೇ ಒಂದು ಸೀಡಿಯಿಂದ ಹಾಕಿಕೊಡುತ್ತಿದ್ದ. ಅದನ್ನು ಕಳವು ಎಂದು ಯಾರೂ ಕರೆಯುತ್ತಲೂ ಇರಲಿಲ್ಲ. ಬೇಳೆಯ ಜೊತೆ ಕೊಸರು ಹಾಕಿದ ಹಾಗೆ ಅದೊಂದು ರೂಢಿ. ಎರಡು ಸಾವಿರದ ಇಸವಿ ಕಳೆದ ಮೇಲೆ ಸುದ್ದಿಗಳು ಶುರುವಾದವು. ಕಂಪನಿಯವರು ಪೊಲೀಸರನ್ನು ಕರಕೊಂಡು ಬರುತ್ತಾರಂತೆ, ಮಷಿನ್ ಸಮೇತ ಎತ್ತಿಕೊಂಡು ಹೋಗುತ್ತಾರಂತೆ. ಇಂಥ ಸುದ್ದಿ ಬಂದ ದಿನ ಇಡೀ ಓಣಿ ಮಟಮಟ ಮಧ್ಯಾಹ್ನ ಶಟರ್ ಎಳೆದುಕೊಂಡು ಮಲಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ ಎಂದು ನಾನು ನಗುತ್ತಿದ್ದೆ, ಎಲ್ಲರಿಗಿಂತ ಮೊದಲು ನನ್ನ ಶಟರ್ ಎಳೆದು.

ಜೀಪು ಬರುತ್ತದೆ, ಮಷಿನ್ ಹೊತ್ತು ಮುಂದೆ ಅವರು, ಹಿಂದೆ ಅಪ್ಪ. ಪ್ರತಿ ಸಲವೂ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಖರೇ ವಿಂಡೋಸನ್ನು ದುಡ್ಡು ಕೊಟ್ಟು ತರೋಣವೆಂದು ಬೆಲೆ ಕೇಳಿದೆ. ಕೇಳಿ, ಕೇಳಲೇ ಇಲ್ಲವೆನ್ನುವಂತೆ ಹೊರಗೆ ಬಂದೆ.

ದಾರಿ ತೋರಿಸಿದ್ದು ಒಂದು ಕಂಪ್ಯೂಟರ್ ಮಾಸಪತ್ರಿಕೆ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಸಿಗುತ್ತಿತ್ತು, ಜೊತೆಗೊಂದು ಸೀಡಿ. ವಿಂಡೋಸು ಇಲ್ಲದೆ, ಅದರ ಕೆಲಸವನ್ನೇ ಮಾಡುವ ಲಿನಕ್ಸ್ ಎಂಬುದನ್ನು ಮೊದಲೇ ಹಾಕಿದ ಲ್ಯಾಪ್‌ಟಾಪುಗಳು ಬಂದಿವೆ, ಲಿನಕ್ಸಿಗೆ ಯಾರಿಗೂ ಏನೂ ಕೊಡಬೇಕಿಲ್ಲ, ಆದ್ದರಿಂದ ಅಗ್ಗ ಎಂದು ಅದರಲ್ಲಿ ಬರೆದಿತ್ತು. ಲ್ಯಾಪ್‌ಟಾಪು ನನಗೆ ಹೇಗೂ ಬೇಕಿತ್ತು. ನಮ್ಮ ಕಡೆ ಕರೆಂಟು ಹೋದರೆ ಬರುವ ನಂಬಿಕೆ ಇರಲಿಲ್ಲ. ಲಗ್ನದ ಸೀಜನ್ನಿನಲ್ಲಿ ಅರ್ಧ ಟೈಪಾದ ಪತ್ರಿಕೆ ಕಣ್ಮುಂದೆ ಮಾಯವಾದಾಗ ಗಿರಾಕಿಗಿಂತ ಹೆಚ್ಚು ನಾನೇ ಅಳುತ್ತಿದ್ದೆ. ಬ್ಯಾಟರಿಯಿದ್ದರೆ ಆ ಕಾಟವಿಲ್ಲ.

ಆದರೆ ಅಪ್ಪನಿಗೆ ಲಿನಕ್ಸಿನ ಬಗ್ಗೆ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಪುಕ್ಕಟೆ ಅಂದ್ರ? ಯಾರರ ಕದ್ದು ಹಂಚಾಕತ್ತಾರೇನು?"

"ಇಲ್ಲಪ್ಪಾ. ಮಾಡಿದವರ ಹಂಚ್ಯಾರ. ಬೇಕಾದವರು ತಗೋಬಹುದು."

"ಹಂಗಂದ್ರ ದಾಸೋಹ ಇದ್ದಂಗ," ಎಂದು ಅಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ನನಗೆ ಮಾತ್ರ ಸಮಾಧಾನವಿಲ್ಲ. ದುಡ್ಡು ಕೊಟ್ಟು ಕೊಂಡ ಸೀಡಿಯೇ ಕಳವಿನದಾದರೆ, ಪುಕ್ಕಟೆ ಬಂದದ್ದು ಇನ್ನೆಷ್ಟು ಕಳವಿನದೋ ಎಂಬ ಹೊಸ ಚಿಂತೆ ಹತ್ತಿಕೊಂಡಿತು. ಚಿಂತೆಯ ವಿಷಯದಲ್ಲಿ ನಾನು ಯಾವತ್ತೂ ಬಡವಳಲ್ಲ.

ಮಾರುವ ಅಂಗಡಿಯವನಂತೂ ನನ್ನನ್ನು ಕೂರಿಸಿ ಕುಡಿಯಲು ತಂಪು ಕೊಟ್ಟು, ಬಹಳ ಪ್ರೀತಿಯಿಂದಲೇ ಹೇಳಿದ. "ಇದರಾಗ ಲಿನಕ್ಸ್ ಐತ್ರಿ, ಅದರ ಚಿಂತಿ ಬಿಡ್ರಿ. ಅರ್ಧಾ ತಾಸು ಕೂಡ್ರಿ, ಅದನ್ನ ತಗದು ವಿಂಡೋಸ್ ಹಾಕಿ ಕೊಡ್ತೇವಿ. ರೊಕ್ಕ ಏನೂ ಬ್ಯಾಡ."

"ತಗೀಬ್ಯಾಡ್ರಿ. ಹೆಂಗ ಐತಿ ಹಂಗ ಕೊಡ್ರಿ."

"ಹಂಗ ಯಾರೂ ಒಯ್ಯೂದಿಲ್ರೀ ಅಕ್ಕಾರ."

"ನಾ ಒಯ್ತೇನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೋಳಿಗೆ ಬಡಿಸಿದಾಗ ಹೂರಣ ಬೇಡ, ಬರೀ ಕಣಕ ಕೊಡಿ ಎಂದವಳನ್ನು ನೋಡಿದ ಹಾಗೆ. "ನಾಳಿ ಬಂದು ನನಗ ಬೈಬ್ಯಾಡ್ರಿ ಮತ್ತ," ಎಂದು ಬಿಲ್ಲು ಬರೆದ. ಬಿಲ್ಲಿನಲ್ಲಿ ಲಿನಕ್ಸ್ ಎಂದು ಬರೆಯಿರಿ ಎಂದು ಹಟ ಮಾಡಿ ಬರೆಸಿಕೊಂಡೆ. ಮುಂದಿನ ವರ್ಷ ಇನ್ನೊಂದು ತೆಗೆದುಕೊಳ್ಳುವಾಗಲೂ ಹಾಗೇ ಮಾಡಿದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿ, ಹಾಕಿದ ಮೇಲೂ ಅದು ಎಲ್ಲಿಂದಲೋ ಎದ್ದು ಬಂದು ನನ್ನ ಹೆಸರು ಹೇಳೀತೆಂದು ಕೆಲವು ದಿನ ಹೆದರಿದೆ.

ಸುಖವಾಯಿತೇ ಎಂದರೆ ಇಲ್ಲ. ಹಳೆಯ ಲಗ್ನಪತ್ರಿಕೆಗಳ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಪೌಂಡಿನ ಗುರುತು. ಹಳೆಯ ಕನ್ನಡ ತಂತ್ರಾಂಶದ ಅಕ್ಷರಗಳು ಇದರಲ್ಲಿ ಕೂಡುತ್ತಿರಲಿಲ್ಲ. ಶ್ರೀರಸ್ತು ಶುಭಮಸ್ತು ಎಂಬಲ್ಲಿ ಏನೋ ಮಂತ್ರವಾದಿಯ ಯಂತ್ರ ಬರೆದಂತೆ ಕಾಣುತ್ತಿತ್ತು. ಎಲ್ಲವನ್ನೂ ಹೊಸದಾಗಿ ಟೈಪು ಮಾಡಿದೆ. ಒತ್ತಕ್ಷರ ಒಮ್ಮೊಮ್ಮೆ ಕೆಳಗೆ ಕೂರುವ ಬದಲು ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. ಪ್ರಿಂಟರು ಮೊದಲ ವಾರ ಮಾತೇ ಆಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಸಿಗುವ ಕಲಶ, ಬಾಳೆಕಂಬ, ಡೋಲಿಯ ಡಿಸೈನುಗಳು ನನ್ನಲ್ಲಿ ಇರಲಿಲ್ಲ. ಗಿರಾಕಿಗಳು "ನಿಮ್ಮಲ್ಲೆ ವೆರೈಟಿ ಇಲ್ರಿ" ಎಂದು ಎದ್ದು ಹೋಗುತ್ತಿದ್ದರು. ಒಬ್ಬೊಬ್ಬರು ಎದ್ದಾಗಲೂ ಅಂಗಡಿ ಮುಚ್ಚುವ ದಿನ ಹತ್ತಿರ ಬಂತೆಂದು ನನ್ನ ಎದೆ ಹಾರುತ್ತಿತ್ತು. ಅಪ್ಪ ಮಾತ್ರ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ದಿನಾ ವಿಭೂತಿ ಹಚ್ಚಿ, ಚಾಲೂ ಮಾಡಿದಾಗ ಕಾಣುವ, ಲಿನಕ್ಸಿನ ಗುರುತಾದ ಬಿಳಿ ಹೊಟ್ಟೆಯ ಪೆಂಗ್ವಿನ್ ಹಕ್ಕಿಗೆ "ಬಂದ್ಯಾ?" ಎನ್ನುತ್ತಿದ್ದ.

ಒಂದು ನೆಮ್ಮದಿಯಿತ್ತು. ರೇಡಿನ ಸುದ್ದಿ ಬಂದಾಗ ಓಣಿಯೆಲ್ಲ ಶಟರ್ ಎಳೆದರೂ ನಾವು ಎಳೆಯಬೇಕಾಗಿರಲಿಲ್ಲ. ಗೋಡೆಗೆ ಬಿಲ್ಲುಗಳ ಝೆರಾಕ್ಸ್ ಅಂಟಿಸಿದ್ದೆ. ಎಲ್ಲರೂ ಮುಚ್ಚಿದಾಗ ನಾವೊಬ್ಬರೇ ತೆರೆದು ಕೂತಿರುವುದರಲ್ಲಿ ಸ್ವಲ್ಪ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಸೊಕ್ಕು ಇಳಿದದ್ದು ಒಂದು ಏಪ್ರಿಲಿನ ಬಿಸಿಲಿನಲ್ಲಿ. ಮುಂಜಾನೆಯ ಗಿರಾಕಿ ಹೋಗಿ, ಊಟಕ್ಕೆ ಇನ್ನೂ ಹೊತ್ತಿತ್ತು. ಕರೆಂಟು ಇರಲಿಲ್ಲ. ಎದುರಿನ ಫೋಟೋ ಸ್ಟುಡಿಯೋದ ಚಾಚಾ ಮೊಬೈಲ್ ಹಿಡಿದುಕೊಂಡೇ ಓಡಿ ಬಂದರು. ಅಪ್ಪನ ವಯಸ್ಸಿನವರು, ಓಣಿಯ ಅರ್ಧ ಮದುವೆಗಳ ಫೋಟೋ ತೆಗೆದವರು, ಅವಸರ ಎಂಬುದನ್ನು ನಾನು ಅವರಲ್ಲಿ ಕಂಡಿರಲೇ ಇಲ್ಲ.

"ಸಾವ್ಕಾರ್ರ, ಧಾರವಾಡದಾಗ ಎರಡು ಅಂಗಡಿ ಸೀಲ್ ಮಾಡ್ಯಾರಂತ. ಈಗ ಹುಬ್ಬಳ್ಳಿಗೆ ಹೊಂಟಾರ. ನಮ್ಮ ಓಣಿದ ಹೆಸರು ಐತಂತ ಅವರ ಕಾಗದದಾಗ."

ಸುದ್ದಿ ಸುಳ್ಳಿರಬಹುದು ಎಂದುಕೊಂಡೆ. ಆದರೆ ಈ ಸಲ ಹೆಸರಿತ್ತು, ಊರಿತ್ತು, ಹೊರಟ ಹೊತ್ತಿತ್ತು. ಧಾರವಾಡದಿಂದ ಬರಲು ಜೀಪಿಗೆ ಎಷ್ಟು ಹೊತ್ತು ಬೇಕು? ನವನಗರ ದಾಟಿದರೇ? ಉಣಕಲ್ಲ ಕೆರೆಯ ಹತ್ತಿರ ಬಂದರೇ? ನಾನು ಮನಸ್ಸಿನಲ್ಲೇ ಜೀಪಿನ ಜೊತೆ ಬರತೊಡಗಿದೆ. ನಮಗೇನು, ನಮ್ಮದು ಎಲ್ಲಾ ಸರಿ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಚಾಚಾ ವಾಪಸು ಬಂದರು. ಕೈಯಲ್ಲಿ ಚಾದರದಲ್ಲಿ ಕಟ್ಟಿದ ಗಂಟು. ಚೌಕಾಕಾರದ ಗಂಟು.

"ಇದನ್ನ ಇಟ್ಕೊಳ್ರಿ ಸಾವ್ಕಾರ್ರ," ಎಂದರು.

ಇಲ್ಲಿ ನಮ್ಮ ಓಣಿಯ ಒಂದು ರೂಢಿ ಹೇಳಬೇಕು. ಯಾರಾದರೂ ಗಂಟು ತಂದು ಇಟ್ಟುಕೊಳ್ಳಿ ಎಂದರೆ ಇಟ್ಟುಕೊಳ್ಳಬೇಕು. ಒಳಗೇನಿದೆ ಎಂದು ಕೇಳಬಾರದು, ಬಿಚ್ಚಿ ನೋಡಬಾರದು. ಊರಿಗೆ ಹೋಗುವವರು ಕೀಲಿಕೈ ಕೊಡುತ್ತಿದ್ದರು, ಮನೆಯಲ್ಲಿ ಜಗಳವಾದ ಹೆಂಗಸರು ಬಂಗಾರ ಕೊಡುತ್ತಿದ್ದರು. ಕರ್ಫ್ಯೂ ಹಾಕಿದ ದಿನಗಳಲ್ಲಂತೂ ಈ ಮನೆಯ ಗಂಟು ಆ ಮನೆಗೆ, ಆ ಮನೆಯದು ಈ ಮನೆಗೆ. ಯಾವ ದೇವರ ಮನೆಯವರು ಎಂದು ನೋಡುತ್ತಿರಲಿಲ್ಲ. ಹೀಗೆ ಇಟ್ಟ ಗಂಟು ಅಪ್ಪನ ಹತ್ತಿರ ಇರುತ್ತಿದ್ದಷ್ಟು ಬೇರೆ ಯಾರ ಹತ್ತಿರವೂ ಇರುತ್ತಿರಲಿಲ್ಲ. ಇದು ನನಗೆ ಗೊತ್ತಿದ್ದದ್ದೇ. ಆದರೂ ಆ ಗಂಟಿನ ಚಾದರದ ಸಂದಿಯಿಂದ ಒಂದು ವೈರು ಹೊರಗೆ ಇಣುಕುತ್ತಿತ್ತಲ್ಲ!

"ಚಾಚಾ, ಇದು ನಿಮ್ಮ ಕಂಪ್ಯೂಟರ್ ಡಬ್ಬಿ ಅಲ್ಲೇನ್ರಿ?" ಎಂದೆ.

ಚಾಚಾ ನೆಲ ನೋಡಿದರು. ಅಪ್ಪ ನನ್ನ ಕಡೆ ನೋಡಿದ, ಕೇಳಬಾರದ್ದನ್ನು ಕೇಳಿದೆ ಎನ್ನುವಂತೆ. "ಒಳಗ ಇಡ್ರಿ ಭಾಯಿ. ಕಾಳಿನ ಕ್ವಾಣ್ಯಾಗ ಜಾಗಾ ಐತಿ," ಎಂದ. ಹಿಂದಿನ ಆ ಕೋಣೆಯಲ್ಲಿ ಕಾಳು ಇಲ್ಲದೆ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಬಾಗಿಲಿಗೆ ಒಂದು ಪರದೆ.

ಚಾಚಾನ ನಂತರ ಸೈಬರ್ ಕೆಫೆಯವರು ಬಂದರು. ಅವರದು ಒಂದು ಗಂಟಲ್ಲ, ಒಂದರ ಮೇಲೊಂದು ಹೊತ್ತು ತಂದರು. ಸ್ಟಿಕರ್ ಕಟಿಂಗಿನವರು, ಟೈಪಿಂಗ್ ಕ್ಲಾಸು ನಡೆಸುವ ಬಾಯಾರು ಎಲ್ಲರೂ ಬಂದರು. ಸೀರೆ, ಗೋಣಿಚೀಲ, ಮಕ್ಕಳ ದುಪ್ಪಟಿ, ಏನು ಸಿಕ್ಕಿತೋ ಅದರಲ್ಲಿ ಸುತ್ತಿಕೊಂಡು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮಲ್ಲೆ ಎಲ್ಲಾ ಖರೇ ಐತಿ, ನಿಮ್ಮನ್ನ ಯಾರು ಕೇಳ್ತಾರ್ರಿ?" ಇಟ್ಟು ಹೋಗಿ, ತಮ್ಮ ತಮ್ಮ ಶಟರ್ ಎಳೆದು, ಕಾಣೆಯಾದರು.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಿನಗೇನರ ಬುದ್ಧಿ ಐತೇನು? ನಾವು ಇಷ್ಟು ಕಷ್ಟಪಟ್ಟು ಎದಕ್ಕ ಈ ಲಿನಕ್ಸ್ ತಂದೇವಿ? ಇಡೀ ಓಣಿ ಕಳವು ತಂದು ನಮ್ಮ ಅಂಗಡ್ಯಾಗ ಇಟ್ರಲ್ಲ. ಈಗ ಬಂದ್ರ ಅವರು ನಮ್ಮನ್ನ ಒಯ್ತಾರ. ನಿನ್ನ ಒಯ್ತಾರ!"

"ಸಾವಕಾಶ ಮಾತಾಡವಾ."

"ನಾ ಸಾವಕಾಶ ಮಾತಾಡಿದ್ರ ಜೀಪು ಸಾವಕಾಶ ಬರತೈತೇನು?"

ಅಪ್ಪ ಪೇಪರ್ ತೆಗೆದುಕೊಂಡ. ಓದಿದನೋ ಇಲ್ಲವೋ. ನಾನು ಪರದೆ ಎಳೆದೆ. ಅದು ನೆಲದವರೆಗೆ ಮುಟ್ಟುತ್ತಿರಲಿಲ್ಲ, ಕೆಳಗೆ ಹಸಿರು ಚಾದರದ ತುದಿ ಕಾಣುತ್ತಿತ್ತು. ಒಳಗೆ ಹೋಗಿ ಒದ್ದು ಸರಿಸಿ ಬಂದೆ. ಕೂತೆ. ಇನ್ನೂ ಕಾಣುತ್ತಿದೆಯೇ ಎಂದು ಮತ್ತೆ ಎದ್ದು ನೋಡಿದೆ. ಶಟರ್ ಎಳೆಯೋಣ ಎಂದರೆ, ಬಿಲ್ಲು ಅಂಟಿಸಿಕೊಂಡು ಕೂತಿರುವ ನಾವೂ ಮುಚ್ಚಿದರೆ ಸಂಶಯ ಬರುವುದಿಲ್ಲವೇ? ತೆರೆದಿಟ್ಟರೆ ಒಳಗೆ ಬರುತ್ತಾರೆ. ಮುಚ್ಚಿದರೆ ಒಡೆದು ಬರುತ್ತಾರೆ. ಮನೆಗೆ ಫೋನು ಮಾಡಿ ಅವ್ವನಿಗೆ ಹೇಳಲೇ? ಹೇಳಿದರೆ ಆಕೆ ಅಳುತ್ತ ಬಂದು ಇನ್ನಷ್ಟು ಮಂದಿಯನ್ನು ಕೂಡಿಸುತ್ತಾಳೆ. ಒಂದು ಪತ್ರಿಕೆ ಟೈಪು ಮಾಡಲು ಕೂತೆ. ವರನ ಹೆಸರಿನ ಜಾಗದಲ್ಲಿ ವಧುವಿನ ಅಪ್ಪನ ಹೆಸರು ಹೊಡೆದೆ.

ಓಣಿ ಇಷ್ಟು ಶಾಂತವಾಗಿರುವುದನ್ನು ನಾನು ಕರ್ಫ್ಯೂ ದಿನಗಳಲ್ಲಿ ಬಿಟ್ಟರೆ ಕಂಡಿರಲಿಲ್ಲ. ಆ ಶಾಂತಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಬಂತು, ನಿಂತಿತು. ಈ ಸಲ ಮುಂದೆ ಹೋಗಲಿಲ್ಲ. ಅಪ್ಪ ಪೇಪರನ್ನು ತೊಡೆಯ ಮೇಲಿಟ್ಟು ನನ್ನ ಕಡೆ ನೋಡಿದ.

ಬಂದವರು ಮೂವರು. ಒಬ್ಬರು ನಮ್ಮ ಕಡೆಯ ಪೊಲೀಸ್ ಸಾಹೇಬರು, ಬೆವರು ಒರೆಸಿಕೊಳ್ಳುತ್ತ. ಇಬ್ಬರು ಕಂಪನಿಯವರು, ಆ ಬಿಸಿಲಿನಲ್ಲೂ ಟೈ ಕಟ್ಟಿದವರು. ಮುಚ್ಚಿದ ಶಟರುಗಳನ್ನು ಒಂದೊಂದಾಗಿ ನೋಡುತ್ತ, ಕಾಗದದೊಂದಿಗೆ ತಾಳೆ ಹಾಕುತ್ತ ಬಂದು, ತೆರೆದಿದ್ದ ಒಂದೇ ಅಂಗಡಿಗೆ ಹೊಕ್ಕರು.

"ಏನ್ರಿ ಅಜ್ಜಾರ, ಇವತ್ತ ಓಣ್ಯಾಗ ಏನು ಹಬ್ಬೇನು? ಎಲ್ಲಾ ಬಂದ್ ಐತಿ," ಎಂದರು ಪೊಲೀಸ್ ಸಾಹೇಬರು.

"ಬರ್ರಿ, ಕೂಡ್ರಿ," ಎಂದ ಅಪ್ಪ, ಲಗ್ನಪತ್ರಿಕೆಯ ಗಿರಾಕಿಗಳಿಗೆ ಅನ್ನುವಂತೆಯೇ.

ಟೈ ಕಟ್ಟಿದವರಲ್ಲಿ ಹಿರಿಯರು ನೇರ ನನ್ನ ಮೇಜಿಗೆ ಬಂದು ಲ್ಯಾಪ್‌ಟಾಪನ್ನು ಬಾಗಿ ನೋಡಿದರು. ಬೆಂಗಳೂರಿನ ಕನ್ನಡ. "ಇದು ಲಿನಕ್ಸಲ್ವಾ? ಯಾರು ಹಾಕಿಕೊಟ್ರು ನಿಮಗೆ?"

"ಯಾರೂ ಹಾಕಿಲ್ರಿ. ಇದರ ಜೋಡಿನ ಬಂದೈತಿ," ಎಂದು ಗೋಡೆಯ ಬಿಲ್ಲು ತೋರಿಸಿದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಎಲ್ರೂ ಮನೆಗೆ ಹೋಗೋಕ್ಮುಂಚೆ ಇದನ್ನ ತೆಗೆಸಿಬಿಡ್ತಾರೆ. ನೀವ್ಯಾಕೆ ಇಟ್ಕೊಂಡ್ರಿ?"

"ಹೆದರಿ ಇಟ್ಕೊಂಡೇವ್ರಿ," ಎಂದೆ. ಬಾಯಿಂದ ತಾನಾಗಿ ಬಂತು. ಮೂವರೂ ನಕ್ಕರು. ನಗುತ್ತಲೇ ಆ ಹಿರಿಯರು ಸುತ್ತ ಕಣ್ಣಾಡಿಸಿ, ಪರದೆಯ ಹತ್ತಿರ ಹೋಗಿ ನಿಂತರು. "ಒಳಗೆ ಏನಿದೆ?"

ಏನಾದರೂ ಹೇಳಬೇಕು. ಕಾಗದದ ಬಂಡಲ್ಲು, ಹಳೆಯ ಸಾಮಾನು, ದೇವರ ಮನೆ, ಏನಾದರೂ. ನಾನು ಇವುಗಳಲ್ಲಿ ಒಂದನ್ನು ಇನ್ನೂ ಆರಿಸುತ್ತಿದ್ದೆ. ಅಪ್ಪ ಹೇಳಿದ.

"ಮಂದಿ ಇಟ್ಟು ಹೋದ ಗಂಟು ಅದಾವ್ರಿ."

"ಏನು ಗಂಟು?"

"ಬಿಚ್ಚಿ ನೋಡಿಲ್ರಿ. ಇಟ್ಟವರದ್ದು ಬಿಚ್ಚಿ ನೋಡೂ ಪದ್ಧತಿ ನಮ್ಮಲ್ಲೆ ಇಲ್ಲ."

"ಯಾರದು ಅಂತಾದ್ರೂ ಹೇಳಿ."

"ಅದನ್ನ ಹೇಳೂದಾದ್ರ ಇಟ್ಕೊಂಡದ್ದರ ಯಾಕ್ರಿ?"

ಹಿರಿಯರ ನಗು ಹೋಯಿತು. ಕೈ ಪರದೆಯ ಅಂಚಿಗೆ ಹೋಯಿತು. ಅಪ್ಪ ಕುರ್ಚಿಯಿಂದ ಎದ್ದ. ಅಡ್ಡ ನಿಲ್ಲುತ್ತಾನೆಂದುಕೊಂಡೆ, ನಿಲ್ಲಲಿಲ್ಲ. ಕುರ್ಚಿಯನ್ನೇ ಬದಿಗೆ ಸರಿಸಿ ದಾರಿ ಬಿಟ್ಟ.

"ನೋಡೂದಾದ್ರ ನೋಡ್ರಿ. ತಡಿಯೂ ಶಕ್ತಿ ನನಗಿಲ್ಲ. ಆದ್ರ ನೋಡಿದ ಮ್ಯಾಲೆ, ಅವು ನನ್ನ ಅಂಗಡ್ಯಾಗ ಸಿಕ್ಕಾವು ಅಂತ ಬರೀರಿ. ಹೆಸರು ನಂದ ಬರೀರಿ. ಮತ್ತೊಬ್ಬರದ್ದು ನಾ ಹೇಳೂದಿಲ್ಲ."

ಆ ಕ್ಷಣ ನನಗೆ ಬಂದದ್ದು ಅಭಿಮಾನವಲ್ಲ, ಸಿಟ್ಟು. ಕೂಗಿಬಿಡೋಣ ಅನಿಸಿತು: ಇದು ಚಾಚಾನದು, ಇದು ಕೆಫೆಯವರದು, ನಮ್ಮದು ಈ ಎರಡೇ, ಬಿಲ್ಲು ಇದೆ, ನೋಡಿ. ಬಾಯಿ ತೆರೆದೂ ಇದ್ದೆ. ಅಪ್ಪ ನನ್ನನ್ನು ನೋಡುತ್ತಿದ್ದ. ಬಾಯಿ ಮುಚ್ಚಿದೆ.

ಪೊಲೀಸ್ ಸಾಹೇಬರು ತಮ್ಮ ಕಾಗದವನ್ನು ಹಿಂದೆ ಮುಂದೆ ತಿರುವಿದರು. ಪರದೆಯ ಕೆಳಗಿನ ಚಾದರದ ತುದಿಯನ್ನು ನೋಡಿದರು. ನಾನು ಒದ್ದದ್ದು ಸಾಲದೆ ಅದು ಮತ್ತೆ ಹೊರಗೆ ಬಂದಿತ್ತು. ಅವರೂ ಇಂಥದೇ ಯಾವುದೋ ಓಣಿಯಲ್ಲಿ ಹುಟ್ಟಿದವರಿರಬೇಕು. "ಸರ್, ಈ ಅಂಗಡಿ ಹೆಸರು ನಮ್ಮ ಕಾಗದದಾಗ ಇಲ್ರಿ," ಎಂದರು. "ಇಲ್ಲಿ ಕೈ ಹಚ್ಚಾಕ ನನಗ ಬರೂದಿಲ್ಲ."

"ಹಾಗಾದ್ರೆ ಹೆಸರು ಸೇರಿಸ್ಕೊಂಡು ನಾಳೆ ಬರೋಣ," ಎಂದರು ಹಿರಿಯರು, ಅಪ್ಪನ ಮುಖವನ್ನೇ ನೋಡುತ್ತ.

"ಬರ್ರಿ," ಎಂದ ಅಪ್ಪ. ವ್ಯಂಗ್ಯವಿರಲಿಲ್ಲ. ಅಪ್ಪನಿಗೆ ಯಾರು ಬರುತ್ತೇನೆಂದರೂ ಬಾಯಲ್ಲಿ ಬರುವುದು ಅದೊಂದೇ ಮಾತು.

ಅವರ ಜೀಪು ಹೊರಡುವ ಸದ್ದು ಕೇಳುವವರೆಗೆ ಕಾದೆ. ಆಮೇಲೆ ಅಳುತ್ತ, ಬೈಯುತ್ತ, ಎರಡನ್ನೂ ಕೂಡಿಸಿ ಅಪ್ಪನಿಗೆ ಹೇಳಿದೆ.

"ನಾ ಇಷ್ಟು ವರ್ಷ ನಿನ್ನ ಸಂಬಂಧ ಒದ್ದಾಡೇನಿ. ಅವತ್ತ ತಕ್ಕಡಿ ಒಯ್ದಾಗ ನೀ ಎಷ್ಟು ಹೆದರಿದ್ದಿ ಅಂತ ನನಗ ಗೊತ್ತಿಲ್ಲೇನು? ಹೆದರಿ ಅಂಗಡಿನ ಮುಚ್ಚಿದಿ. ಮತ್ತ ಹಂಗ ಆಗಬಾರದಂತ ನಾ ಈ ಮಷಿನ್ ತಂದೆ, ಗಿರಾಕಿ ಬಿಟ್ಟೆ, ಎಲ್ಲಾ ಬಿಟ್ಟೆ. ನೀ ನೋಡಿದ್ರ ಅವರನ್ನ ನಾಳಿ ಬರ್ರಿ ಅಂತಿ!"

ಅಪ್ಪ ಕುರ್ಚಿಯನ್ನು ಮತ್ತೆ ಅದರ ಜಾಗಕ್ಕೆ ಎಳೆದು ಕೂತ.

"ನಾ ಹೆದರಿ ಮುಚ್ಚಲಿಲ್ಲವಾ," ಎಂದ. "ಮುದ್ರಿ ಹಾಕಸಿರಲಿಲ್ಲ, ತಪ್ಪಾತು, ದಂಡ ಕಟ್ಟಿದೆ, ಮುಗೀತು. ಅದರಾಗ ಹೆದರೂದೇನೈತಿ? ಅವತ್ತ ಓಣ್ಯಾಗ ನಿಂತು ನೀ ನೋಡಿದ್ದಿ. ಆಮ್ಯಾಲೆ ಉಣ್ಣೂದು ಬಿಟ್ಟಿ. ಜೀಪಿನ ಸಪ್ಪಳ ಕೇಳಿದ್ರ ನಿಮ್ಮವ್ವನ ಸೆರಗಿನ್ಯಾಗ ಹೊಕ್ಕೊಂಡು ನಡುಗ್ತಿದ್ದಿ. ಅಪ್ಪ ಅಂಗಡಿಗೆ ಹೋಗೂದು ಬ್ಯಾಡ ಅಂತ ಬಾಗಲಾ ಹಿಡಕೊಂಡು ಅಳ್ತಿದ್ದಿ. ನೀ ಉಣ್ಣಲಿ ಅಂತ ಮುಚ್ಚಿದೆ."

ನನಗೆ ಬಾಗಿಲು ಹಿಡಿದುಕೊಂಡು ಅತ್ತದ್ದು ನೆನಪಿರಲಿಲ್ಲ. ಈಗಲೂ ಇಲ್ಲ. ತಕ್ಕಡಿ ನೆನಪಿದೆ, ಅಪ್ಪನ ಬೆನ್ನು ನೆನಪಿದೆ, ನಾನೇ ನನಗೆ ನೆನಪಿಲ್ಲ. ಹತ್ತಿರ ಹತ್ತಿರ ಹದಿನೈದು ವರ್ಷ ನಾನು ಅಪ್ಪನ ಹೆದರಿಕೆಯನ್ನು ಕಾಯುತ್ತ ಬಂದಿದ್ದೆ. ಅಪ್ಪನಲ್ಲಿ ಕಾಯಲು ಏನೂ ಇರಲಿಲ್ಲ. ಮೂಗು ಒರೆಸಿಕೊಂಡು ವರನ ಹೆಸರು ತಿದ್ದಲು ಕೂತೆ.

ಸಂಜೆಗೆ ಎದುರಿನ ಶಟರ್ ಅರ್ಧ ಎದ್ದಿತು. ಚಾಚಾ ಬಗ್ಗಿ ಹೊರಗೆ ಬಂದು, ಓಣಿಯ ಎರಡೂ ಕಡೆ ನೋಡಿ, ನಮ್ಮ ಮೆಟ್ಟಿಲ ಹತ್ತಿರ ನಿಂತರು. ಒಳಗೆ ಬರಲು ಅವರಿಗೆ ಮುಖವಿರಲಿಲ್ಲ.

"ಹೋದ್ರಲ್ಲ ಬೇಟಿ? ನಿಮಗ ಭಾಳ ತ್ರಾಸ ಆತು. ನಂದು ಕೊಟ್ಟುಬಿಡು, ಒಯ್ತೇನಿ."

ಅಪ್ಪ ಪೇಪರ್ ಓದುತ್ತಿದ್ದ. ಕೊಟ್ಟುಬಿಡುವುದು ಸುಲಭವಿತ್ತು. ಎಲ್ಲರನ್ನೂ ಕರೆದು ಅವರವರ ಗಂಟು ಅವರವರ ಕೈಗೆ ಕೊಟ್ಟರೆ, ನಾಳೆ ಯಾರು ಬಂದರೂ ನಮ್ಮಲ್ಲಿ ಎರಡು ಲ್ಯಾಪ್‌ಟಾಪು, ಎರಡು ಬಿಲ್ಲು, ಅಷ್ಟೇ. ನನ್ನ ಎದೆ ಮುಂಜಾನೆಯಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಬ್ಯಾಡ್ರಿ ಚಾಚಾ, ಇರ್ಲಿ," ಎಂದೆ. "ಅವರು ನಾಳಿ ಮತ್ತ ಬರ್ತೇವಿ ಅಂದಾರ. ನಿಮ್ಮ ಅಂಗಡಿ ಹೆಸರು ಅವರ ಕಾಗದದಾಗ ಐತಿ. ನಾಳಿ ಒಂದಿನ ಇಲ್ಲೇ ಇರ್ಲಿ."